ಗೋಡೆಯ ಮೇಲೆ ಬಾರದ ಮುಖ

ಆಪಾ ತೀರಿಕೊಂಡ ಮೇಲೆ ಅವಳ ದನಿಯನ್ನು ನಾನು ಮೊದಲು ಕೇಳಿದ್ದು ವೈ.ಎನ್.ಹೊಸಕೋಟೆಯಿಂದ ಆಚೆಗಿನ ಒಂದು ಹಳ್ಳಿಯ ಶಾಲೆಯಲ್ಲಿ, ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ. ದನಿಯ ಜೊತೆ ಮುಖವೂ ಬರಬೇಕಿತ್ತು. ಬರಲಿಲ್ಲ.

ನಾನು ಮಧುಗಿರಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ನಮ್ಮ ಕಡೆ ಎಲ್ಲೇ ತರಬೇತಿ, ಸಭೆ, ಶಾಲೆಯ ಕಾರ್ಯಕ್ರಮ ನಡೆದರೂ ಲ್ಯಾಪ್‌ಟಾಪ್‌ನಲ್ಲಿ ಕಾಣುವುದು ಗೋಡೆಯ ಮೇಲೆ ಕಾಣದಿದ್ದರೆ ನನಗೆ ಫೋನ್ ಬರುತ್ತದೆ. ಕೊರಟಗೆರೆಗೆ ಹೋಗಿದ್ದೇನೆ, ಹೊಳವನಹಳ್ಳಿಗೆ ಹೋಗಿದ್ದೇನೆ, ಪಾವಗಡಕ್ಕಂತೂ ಲೆಕ್ಕವಿಲ್ಲದಷ್ಟು ಸಲ. ನನ್ನ ಕೈಚೀಲದಲ್ಲಿ ಊಟದ ಡಬ್ಬಿಗಿಂತ ಕೇಬಲ್ಲುಗಳೇ ಹೆಚ್ಚು ಜಾಗ ಹಿಡಿಯುತ್ತವೆ. ಬಸ್ಸಿನಲ್ಲಿ ಗುರುತಿನವರು ಸಿಕ್ಕರೆ, ಇವತ್ತು ಯಾವ ಊರಲ್ಲಿ ಪರದೆ ಹಾಕ್ತೀರಿ ಎಂದು ಕೇಳುತ್ತಾರೆ.

ನಮ್ಮದು ಶಿರಾ. ಅಬ್ಬಾ ಜಾಮಿಯಾ ಮಸೀದಿಯ ಹತ್ತಿರದ ಒಂದು ಗಲ್ಲಿಯಲ್ಲಿ ಹಾಸಿಗೆ, ರಜಾಯಿ ಹೊಲಿಯುತ್ತಿದ್ದರು. ನಾವಿಬ್ಬರು ಹೆಣ್ಣುಮಕ್ಕಳು, ಒಬ್ಬ ತಮ್ಮ. ಮನೆಮಾತು ಉರ್ದುವಾದ್ದರಿಂದ ಅಕ್ಕನನ್ನು ನಾನು ಆಪಾ ಎಂದೇ ಕರೆದದ್ದು. ಆಪಾ ನರ್ಸಿಂಗ್ ಓದಿ ಪಾವಗಡ ತಾಲ್ಲೂಕಿನ ಕಡೆಯ ಮೂಲೆಯ ಒಂದು ಆರೋಗ್ಯ ಉಪಕೇಂದ್ರಕ್ಕೆ ಹೋದಳು. ಎರಡು ವರ್ಷದಲ್ಲಿ ವರ್ಗ ಮಾಡಿಸಿಕೊಂಡು ಬಂದುಬಿಡುತ್ತೇನೆ ಎಂದು ಹೋದವಳು ಇಪ್ಪತ್ತಮೂರು ವರ್ಷ ಅಲ್ಲೇ ಉಳಿದಳು. ಮದುವೆ ಏಕಾಗಲಿಲ್ಲ ಎಂದು ಕೇಳಿದವರಿಗೆ ಬಿಡುವಾಗಲಿಲ್ಲ ಎನ್ನುತ್ತಿದ್ದಳು. ಅಲ್ಲಿನ ತೆಲುಗು ಅವಳ ಬಾಯಿಗೆ ಎಷ್ಟು ಹತ್ತಿತ್ತೆಂದರೆ, ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿಗೆ ಹೊರಳುತ್ತಿತ್ತು. ಬೈಯುವುದಕ್ಕೆ ಮಾತ್ರ ಉರ್ದುವೇ ಬೇಕು. ಸುತ್ತಲಿನ ಹಳ್ಳಿಗಳಲ್ಲಿ ಅವಳಿಗೆ ಹೆಸರೇ ಇರಲಿಲ್ಲ. ನರ್ಸಮ್ಮ, ಅಷ್ಟೇ.

ಅವಳು ಸತ್ತದ್ದು ಬಸ್ಸಿನಲ್ಲಿ. ರಜೆಗೆಂದು ಪಾವಗಡದಿಂದ ಶಿರಾಕ್ಕೆ ಬರುತ್ತಿದ್ದಳು. ಕಿಟಕಿಯ ಪಕ್ಕದ ಸೀಟು. ಧೂಳಿಗೆ ದುಪಟ್ಟಾವನ್ನು ಮುಖದ ಮೇಲೆ ಎಳೆದುಕೊಂಡಿದ್ದಳಂತೆ. ಶಿರಾ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದರೂ ಅವಳು ಇಳಿಯಲಿಲ್ಲ. ನಿದ್ದೆ ಬಂದಿದೆ ಎಂದುಕೊಂಡ ಕಂಡಕ್ಟರ್ ಮೊದಲು ಸೀಟನ್ನು ತಟ್ಟಿ, ಆಮೇಲೆ ಒಬ್ಬ ಹೆಂಗಸನ್ನು ಕರೆದು ಅವಳ ಭುಜ ಮುಟ್ಟಿಸಿದರಂತೆ. ಹೃದಯ ನಿಂತು ಅರ್ಧ ಗಂಟೆಯಾದರೂ ಆಗಿರಬೇಕು ಎಂದು ಡಾಕ್ಟರು ಹೇಳಿದರು. ಅಂದರೆ ಎಷ್ಟೋ ಮೈಲಿ ಅವಳು ಸತ್ತೇ ಬಂದಿದ್ದಳು, ಪಕ್ಕದವರಿಗೆ ತಿಳಿಯದ ಹಾಗೆ. ಆ ದಾರಿಯಲ್ಲಿ ಬಸ್ಸು ಹತ್ತಿದಾಗಲೆಲ್ಲ ನಾನು ಕಿಟಕಿಯ ಆಚೆ ನೋಡುತ್ತ, ಇಲ್ಲೋ, ಇನ್ನೂ ಮುಂದೋ ಎಂದುಕೊಳ್ಳುತ್ತಿರುತ್ತೇನೆ.

ನಾನು ಮಧುಗಿರಿಯಿಂದ ಮನೆ ಮುಟ್ಟುವ ಹೊತ್ತಿಗೆ ಸ್ನಾನ ಮಾಡಿಸಿ ಕಫನ್ ಬಟ್ಟೆ ಸುತ್ತಿದ್ದರು. ನನಗಾಗಿ ಮುಖದ ಬಟ್ಟೆ ಸರಿಸಿದರು. ಎರಡು ನಿಮಿಷ ನೋಡಿದೆ. ಆಮೇಲೆ ಮುಚ್ಚಿದರು.

ನಮ್ಮ ಮನೆಯಲ್ಲಿ ಗೋಡೆಗೆ ಫೋಟೋ ಹಾಕುವ ಪದ್ಧತಿಯಿಲ್ಲ. ಅಮ್ಮಿಗೆ ಅದು ಸೇರುವುದಿಲ್ಲ. ನನ್ನ ಫೋನಿನಲ್ಲಿ ಹುಡುಕಿದರೆ ಆಪಾ ಇರುವ ಚಿತ್ರಗಳೇ ಕಡಿಮೆ. ಇದ್ದವುಗಳಲ್ಲೂ ಅವಳು ಯಾವುದೋ ಮಗುವನ್ನು ಎತ್ತಿಕೊಂಡು ಆಚೆ ತಿರುಗಿರುತ್ತಿದ್ದಳು. ನೆಟ್ಟಗೆ ನಮ್ಮನ್ನು ನೋಡುತ್ತಿದ್ದುದು ಗುರುತಿನ ಚೀಟಿಯ ಫೋಟೋ ಒಂದೇ, ಅದರ ಮೇಲೂ ಕಚೇರಿಯ ಮೊಹರು ಕೆನ್ನೆಯಿಂದ ಹಣೆಯವರೆಗೆ ಬಿದ್ದಿತ್ತು. ಕೆಲವು ತಿಂಗಳು ಕಳೆಯುವಷ್ಟರಲ್ಲಿ ನನಗೊಂದು ಹೆದರಿಕೆ ಶುರುವಾಯಿತು. ಕಣ್ಣು ಮುಚ್ಚಿದರೆ ಅವಳ ಕೈ ನೆನಪಾಗುತ್ತಿತ್ತು, ಚಪ್ಪಲಿ ನೆನಪಾಗುತ್ತಿತ್ತು, ಮುಖದ ಜಾಗದಲ್ಲಿ ಮಾತ್ರ ಆ ಮೊಹರು ಬರುತ್ತಿತ್ತು.

ಹಾಗಿರುವಾಗ ಬೆಂಗಳೂರಿನ ನಿರ್ದೇಶಕಿಯ ಫೋನ್ ಬಂತು. ಆಕೆ ಹಳ್ಳಿಯ ನರ್ಸುಗಳ ಬಗ್ಗೆ ಒಂದು ಸಾಕ್ಷ್ಯಚಿತ್ರ ಮಾಡಿದ್ದರು. ಆಪಾ ಮತ್ತು ಇನ್ನಿಬ್ಬರ ಹಿಂದೆ ಒಂದು ವರ್ಷ ಕ್ಯಾಮರಾ ಹಿಡಿದು ಓಡಾಡಿದ್ದರು. ಹೆರುವವಳ ಮುಖ ಯಾವ ಕಾರಣಕ್ಕೂ ತೋರಿಸಬಾರದೆಂದು ಆಪಾ ಷರತ್ತು ಹಾಕಿದ್ದಳಂತೆ. ಹಾಗಾಗಿ ಹೆರಿಗೆಯ ಹೊತ್ತಿನಲ್ಲೆಲ್ಲ ಕ್ಯಾಮರಾ ಆಪಾಳ ಮುಖ ಬಿಟ್ಟು ಅಲ್ಲಾಡಿರಲಿಲ್ಲ. ಆಪಾ ಸತ್ತು ಒಂದೂವರೆ ವರ್ಷವಾದ ಮೇಲೆ ಚಿತ್ರ ಒಂದು ಆ್ಯಪ್‌ನಲ್ಲಿ ಬಿಡುಗಡೆಯಾಗಿತ್ತು. ನಿಮ್ಮ ಅಕ್ಕನ ಮುಖವೇ ಈ ಚಿತ್ರ, ನೋಡಿ ಎಂದರು ಆಕೆ.

ನಾನು ನೋಡಲಿಲ್ಲ. ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ, ಚಿತ್ರ ಶುರುಮಾಡುವ ಪುಟ್ಟ ಗುರುತಿನ ಮೇಲೆ ಬೆರಳಿಟ್ಟೆ, ತೆಗೆದೆ. ಅಮ್ಮಿಯನ್ನು ಕೇಳಿದರೆ ಅವರು ತಸ್ಬಿಯ ಮಣಿ ಎಣಿಸುತ್ತಲೇ, "ನಕ್ಕೋ ಬೇಟಿ" ಎಂದರು. ಬೇಡ ಮಗಳೇ ಎಂದು. ಮತ್ತೆ ಕೇಳಲಿಲ್ಲ.

ಒಂದು ವಾರ ಕಳೆದ ಮೇಲೆ ಆಪಾ ಇದ್ದ ಹಳ್ಳಿಯ ಆಶಾ ಕಾರ್ಯಕರ್ತೆ ಫೋನ್ ಮಾಡಿದಳು. ಆಪಾಳ ಜೊತೆ ಹದಿನೈದು ವರ್ಷ ಮನೆಮನೆ ತಿರುಗಿದವಳು. ನರ್ಸಮ್ಮ ಸಿನಿಮಾದಲ್ಲಿ ಬಂದಿದ್ದಾಳೆಂದು ಊರಿಗೆ ಗೊತ್ತಾಗಿದೆ, ಅಂಗೈಯಗಲದ ಫೋನಿನಲ್ಲಿ ಯಾರಿಗೂ ನೋಡಲು ಇಷ್ಟವಿಲ್ಲ ಎಂದಳು. "ನೀನು ಪರದೆ ಹಾಕೋಳಂತಲ್ಲ, ಆಯಮ್ಮ ಹೇಳ್ತಿತ್ತು. ತಂದು ತೋರ್ಸು ಕಣಮ್ಮ. ದೊಡ್ದಾಗಿ ತೋರ್ಸು." ನನಗೆ ಸಮಾಧಾನವಾಯಿತು. ಒಬ್ಬಳೇ ನೋಡಬೇಕಾಗಿಲ್ಲವಲ್ಲ. ಅವರ ಜೊತೆಗೇ ಮೊದಲ ಸಲ ನೋಡುತ್ತೇನೆ ಎಂದುಕೊಂಡೆ.

ಕಾಲೇಜಿನ ಹಳೆಯ ಪ್ರೊಜೆಕ್ಟರನ್ನು ಕೇಳಿ ತೆಗೆದುಕೊಂಡೆ. ಹೊರಡುವ ಮುಂಚೆ ಲ್ಯಾಬಿನಲ್ಲಿ ಎಲ್ಲವನ್ನೂ ಜೋಡಿಸಿ ನೋಡಿದೆ. ಲ್ಯಾಪ್‌ಟಾಪ್, ಕೇಬಲ್, ಹೊಸ ಕೇಬಲ್ಲನ್ನು ಹಳೆಯ ಪ್ರೊಜೆಕ್ಟರಿಗೆ ಹೊಂದಿಸುವ ಒಂದು ಸಣ್ಣ ಪರಿವರ್ತಕ, ಸ್ಪೀಕರ್. ಕಾಲೇಜಿನ ಕ್ರೀಡಾದಿನದ ವಿಡಿಯೋ ಹಾಕಿದರೆ ಹುಡುಗಿಯರು ಗೋಡೆಯ ತುಂಬ ಓಡಿದರು. ಆ ಚಿತ್ರವೊಂದನ್ನು ಮಾತ್ರ ಹಾಕಿ ನೋಡಲಿಲ್ಲ. ಇಷ್ಟು ವರ್ಷದ ಕೆಲಸದಲ್ಲಿ, ತೋರಿಸಬೇಕಾದ್ದನ್ನೇ ಒಮ್ಮೆ ಪರೀಕ್ಷಿಸದೆ ನಾನು ಹೊರಟದ್ದು ಅದೊಂದೇ ಸಲ.

ಕಡ್ಲೆಕಾಯಿ ಕೀಳುವ ಕಾಲ. ದಾರಿಯುದ್ದಕ್ಕೂ ಹೊಲಗಳಲ್ಲಿ ಬಳ್ಳಿ ಗುಡ್ಡೆ ಹಾಕಿ ಹೆಂಗಸರು ಕುಕ್ಕರಗಾಲಲ್ಲಿ ಕೂತು ಕಾಯಿ ಬಿಡಿಸುತ್ತಿದ್ದರು. ನಾನು ಹೋಗುವ ಹೊತ್ತಿಗೆ ಶಾಲೆಯ ಕೋಣೆಯ ಕಿಟಕಿಗಳಿಗೆ ಗೋಣಿಚೀಲ, ಕಂಬಳಿ ಕಟ್ಟಿ ಕತ್ತಲು ಮಾಡಿದ್ದರು. ಕೈಯ ಮಣ್ಣು ತೊಳೆದುಕೊಂಡು ಬಂದ ಸುಮಾರು ನಲವತ್ತು ಹೆಂಗಸರು ಚಾಪೆಯ ಮೇಲೆ ಒತ್ತಿಕೊಂಡು ಕೂತಿದ್ದರು. ಅವರಲ್ಲಿ ಬಹಳ ಜನಕ್ಕೆ ಹೆರಿಗೆ ಮಾಡಿಸಿದ್ದು ಆಪಾ. ಆಶಾ ಕಾರ್ಯಕರ್ತೆ ಒಬ್ಬೊಬ್ಬರನ್ನೂ ತೋರಿಸಿ, ಇವಳಿಗೆ ಅವಳಿ, ಇವಳಿಗೆ ಕಾಲು ಮುಂದಾಗಿತ್ತು, ಇವಳ ತಾಯಿಗೂ ಇವಳಿಗೂ ಇಬ್ಬರಿಗೂ ನರ್ಸಮ್ಮನೇ ಎಂದು ಹೇಳುತ್ತ ಹೋದಳು. ಮುಂದಿನ ಸಾಲಿನಲ್ಲಿ ಗೋಡೆಗೊರಗಿ ಒಬ್ಬ ಅಜ್ಜಿ ಕೂತಿದ್ದಳು. ಆಪಾ ಬರುವ ಮುಂಚೆ ಆ ಊರಿನ ಸೂಲಗಿತ್ತಿ ಅವಳೇ. ಆಪಾ ಬಂದ ಹೊಸತರಲ್ಲಿ ಅವಳೊಂದಿಗೆ ಜಗಳವಾಡಿದವಳು, ಆಮೇಲೆ ಅವಳಿಗೆ ಬಿಸಿನೀರು ಕಾಯಿಸಿ ಕೊಟ್ಟವಳು.

ಕ್ರೀಡಾದಿನದ ವಿಡಿಯೋವನ್ನು ಮತ್ತೆ ಹಾಕಿ ನೋಡಿದೆ. ಚೆನ್ನಾಗಿ ಬಂತು. ತಾಯಂದಿರ ಜೊತೆ ಬಂದಿದ್ದ ಮಕ್ಕಳು ಚಪ್ಪಾಳೆ ತಟ್ಟಿದರು. ಆಮೇಲೆ ಚಿತ್ರ ಹಾಕಿದೆ.

ಗೋಡೆ ಕಪ್ಪಾಯಿತು. ದೂರದಲ್ಲೊಂದು ಸ್ಕೂಟರಿನ ಸದ್ದು ಕೇಳಿತು, ಸ್ಟ್ಯಾಂಡ್ ಹಾಕಿದ ಸದ್ದು, ಚಪ್ಪಲಿಯ ಸದ್ದು. ಆಮೇಲೆ ಆಪಾ, ನನ್ನ ಕಿವಿಯ ಪಕ್ಕದಲ್ಲೇ ನಿಂತ ಹಾಗೆ, "ಏಮ್ಮಾ, ಊಟ ಆಯ್ತಾ?" ಎಂದಳು.

ಯಾರೋ ಹೆಂಗಸು ಅಭ್ಯಾಸಬಲದಿಂದ ಆಯ್ತು ಎಂದಳು. ಯಾರೂ ನಗಲಿಲ್ಲ.

ಗೋಡೆ ಕಪ್ಪಾಗಿಯೇ ಇತ್ತು. ಕೆಳಗಡೆ ಮಾತ್ರ ಬಿಳಿಯ ಇಂಗ್ಲಿಷ್ ಅಕ್ಷರಗಳ ಒಂದು ಸಾಲು ಬಂತು, ಹೋಯಿತು, ಇನ್ನೊಂದು ಬಂತು. ಲ್ಯಾಪ್‌ಟಾಪಿನ ತೆರೆಯೂ ಹಾಗೆಯೇ ಕಪ್ಪು. ನಾನು ಕೇಬಲ್ ಕಿತ್ತೆ. ತಕ್ಷಣ ಲ್ಯಾಪ್‌ಟಾಪಿನಲ್ಲಿ ಆಪಾಳ ಮುಖ ಬಂತು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡ ಮುಖ. ಮತ್ತೆ ಚುಚ್ಚಿದೆ. ಹೋಯಿತು. ಬೇರೆ ಕೇಬಲ್ ಹಾಕಿದೆ, ಹೋಯಿತು. ಕಿತ್ತರೆ ಬರುತ್ತಾಳೆ, ಚುಚ್ಚಿದರೆ ಹೋಗುತ್ತಾಳೆ. ನಾಲ್ಕೈದು ಸಲ ಹಾಗೆ ಮಾಡಿದೆ.

ಏನಾಗಿದೆ ಎಂದು ನನಗೆ ಎರಡನೇ ಸಲಕ್ಕೇ ಗೊತ್ತಾಗಿತ್ತು. ಹಣ ಕೊಟ್ಟು ನೋಡುವ ಚಿತ್ರಗಳಿಗೆ ಒಂದು ಬೀಗವಿರುತ್ತದೆ. ಎಚ್‌ಡಿಸಿಪಿ ಎನ್ನುತ್ತಾರೆ. ಯಾರೂ ತಂತಿಯ ಮಧ್ಯದಲ್ಲಿ ಚಿತ್ರವನ್ನು ಕದ್ದು ನಕಲು ಮಾಡಿಕೊಳ್ಳಬಾರದೆಂದು ಹಾಕಿದ ಬೀಗ. ಕಂಪ್ಯೂಟರು ಚಿತ್ರ ಕಳಿಸುವ ಮುಂಚೆ ಆ ತುದಿಯಲ್ಲಿರುವ ಪರದೆಯನ್ನು ನೀನು ಯಾರು, ನಿನ್ನ ಬಳಿ ಕೀಲಿಯಿದೆಯೇ ಎಂದು ಕೇಳುತ್ತದೆ. ಹೊಸ ಟಿವಿ, ಹೊಸ ಪ್ರೊಜೆಕ್ಟರುಗಳು ಉತ್ತರ ಕೊಡುತ್ತವೆ. ನಮ್ಮ ಕಾಲೇಜಿನ ಹಳೆಯದಕ್ಕೆ ಆ ಪ್ರಶ್ನೆಯೇ ಅರ್ಥವಾಗುವುದಿಲ್ಲ. ನಾನು ತಂದ ಪರಿವರ್ತಕಕ್ಕೂ ಅಷ್ಟೇ. ಉತ್ತರ ಬರದಿದ್ದರೆ ಕಂಪ್ಯೂಟರು ಚಿತ್ರವನ್ನು ತಡೆಯುತ್ತದೆ. ದನಿಯನ್ನು ತಡೆಯುವುದಿಲ್ಲ, ಅಕ್ಷರಗಳನ್ನು ತಡೆಯುವುದಿಲ್ಲ. ಕ್ರೀಡಾದಿನದ ವಿಡಿಯೋಗೆ ಬೀಗವಿಲ್ಲ, ಅದು ಯಾವ ಗೋಡೆಯ ಮೇಲೂ ಬೀಳುತ್ತದೆ. ಇದನ್ನು ನಾನು ಎಷ್ಟೋ ಮೇಷ್ಟರುಗಳಿಗೆ ವಿವರಿಸಿದ್ದೆ. ಆ ಚಾಪೆಯ ಮೇಲೆ ಕೂತವರಿಗೆ ಹೇಗೆ ವಿವರಿಸಲಿ?

ಗೋಡೆಯ ಮೇಲೆ ಬರುವುದಿಲ್ಲ, ಕಂಪ್ಯೂಟರಿನಲ್ಲಿ ಮಾತ್ರ ಬರುತ್ತದೆ, ಹತ್ತು ಹತ್ತು ಜನ ಬಂದು ನೋಡಿ ಎಂದೆ. ಚಿತ್ರ ನಿಲ್ಲಿಸಲು ಕೈ ಚಾಚಿದೆ. ಆಗ ಅಜ್ಜಿ ಮಾತಾಡಿದಳು.

"ಬುಡಮ್ಮ, ಅಂಗೇ ಬುಡು."

"ಕಾಣಲ್ಲ ಅಜ್ಜಿ, ಬರೀ ದನಿ."

"ಕೇಳ್ತದಲ್ಲ. ನೋವು ತಿನ್ನೋಳು ಮಕ ಎಲ್ಲಿ ನೋಡ್ತಾಳೆ? ಕಣ್ಣು ಮುಚ್ಚಿರ್ತಾಳೆ. ಇವ್ರೆಲ್ಲಾ ಆಯಮ್ಮನ್ನ ಕೇಳ್ದೋರೇ."

ಯಾರೂ ಏಳಲಿಲ್ಲ. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.

ಹೀಗೆ ಆ ಕೋಣೆಯಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷ ನಾವು ಕಪ್ಪು ಗೋಡೆಯನ್ನು ನೋಡುತ್ತ ಕೂತೆವು. ಉಳಿದಿಬ್ಬರು ನರ್ಸುಗಳು ಯಾರೋ ಎಲ್ಲಿಯವರೋ. ಅವರ ಭಾಗ ಬಂದಾಗ ಹೆಂಗಸರು ಮೆಲ್ಲಗೆ ಮಾತಾಡಿಕೊಳ್ಳುತ್ತಿದ್ದರು, ಆಪಾ ಬಂದ ಕೂಡಲೇ ಸುಮ್ಮನಾಗುತ್ತಿದ್ದರು. ಆರನೇ ಕ್ಲಾಸಿನ ಒಂದು ಹುಡುಗಿ ಕೆಳಗೆ ಬರುತ್ತಿದ್ದ ಇಂಗ್ಲಿಷ್ ಅಕ್ಷರಗಳನ್ನು ತಡವರಿಸಿ ಓದತೊಡಗಿದಳು, ಯಾರೋ ತೊಡೆ ತಟ್ಟಿ ಸುಮ್ಮನಿರಿಸಿದರು. ಹೆರಿಗೆಯ ಭಾಗ ಬಂತು. ಪಾತ್ರೆಯ ಸದ್ದು, ಯಾರೋ ನರಳುವ ಸದ್ದು, ಅದರ ಮೇಲೆ ಆಪಾಳ ದನಿ. ಹಾಗೆ ಅವಳು ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ನಮ್ಮ ಮನೆಯ ಆಪಾ ಗಡಸು, ದಡಬಡ. ಇದು ಬೇರೆ ಯಾರೋ.

"ಭಯ ಪಡಬ್ಯಾಡ. ನಾನಿದ್ದೀನಿ. ಊಪಿರಿ ವದುಲು ತಲ್ಲೀ, ಊಪಿರಿ ವದುಲು."

ಉಸಿರು ಬಿಡು ತಾಯಿ ಎಂದು. ಕತ್ತಲಿನಲ್ಲಿ ನನ್ನ ಸುತ್ತ ಕೂತ ನಲವತ್ತು ಹೆಂಗಸರೂ ಒಟ್ಟಿಗೆ ಉಸಿರು ಬಿಟ್ಟರು.

ಅವರಿಗೆ ಅದು ತಿಳಿಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಅವಳು ಎಳೆದುಕೋ ಎಂದಾಗ ಎಳೆದುಕೊಂಡರು, ಬಿಡು ಎಂದಾಗ ಬಿಟ್ಟರು. ಗೋಡೆಯ ಆ ಕಪ್ಪಿನಲ್ಲಿ ಅವಳು ನಿಂತಿದ್ದಾಳೆ, ಅವರಿಗೆಲ್ಲ ಕಾಣುತ್ತಿದ್ದಾಳೆ, ನನಗೊಬ್ಬಳಿಗೇ ಕಾಣುತ್ತಿಲ್ಲ ಎಂದು ಒಂದು ಗಳಿಗೆ ನಿಜವಾಗಿಯೂ ಅನ್ನಿಸಿತು. ನಾನು ಮಕ್ಕಳನ್ನು ಹೆತ್ತವಳಲ್ಲ. ಆ ಉಸಿರಿನ ಜೊತೆ ನನ್ನ ಉಸಿರನ್ನು ಹೊಂದಿಸಲು ಪ್ರಯತ್ನಿಸಿದೆ, ಆಗಲಿಲ್ಲ.

ಮುಗಿದ ಮೇಲೆ ಗೋಣಿಚೀಲ ಬಿಚ್ಚಿದರು. ಬೆಳಕಿನಲ್ಲಿ ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದರು. ದನ ಕಟ್ಟುವ ಹೊತ್ತಾಗಿತ್ತು. ಕೆಲವರು ಬಗ್ಗಿ ಲ್ಯಾಪ್‌ಟಾಪಿನಲ್ಲಿ ಒಂದೈದು ನಿಮಿಷ ಮುಖ ನೋಡಿ, ಸಣ್ಣಗಾಗಿದ್ಲು ಎಂದು ಹೇಳಿ ಹೋದರು. ಅಜ್ಜಿ ನೋಡಲಿಲ್ಲ. ಬಸ್ಸಿನಲ್ಲಿ ನಾನು ಪ್ರೊಜೆಕ್ಟರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಅದು ಇನ್ನೂ ಬಿಸಿಯಾಗಿತ್ತು.

ಆ ವಾರವೆಲ್ಲ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಚಿತ್ರವನ್ನು ನಾನೊಬ್ಬಳೇ ಲ್ಯಾಪ್‌ಟಾಪಿನಲ್ಲಿ ನೋಡಬಹುದಿತ್ತು. ನೋಡಲು ಕೂತರೆ ಆ ಕಪ್ಪು ಗೋಡೆಯೇ ಕಣ್ಣ ಮುಂದೆ ಬರುತ್ತಿತ್ತು. ಅವರಿಗೆ ದೊಡ್ಡದಾಗಿ ತೋರಿಸುತ್ತೇನೆಂದು ಹೇಳಿ ತೋರಿಸದೆ ಬಂದಿದ್ದೆ. ಆ ಬೀಗವನ್ನು ವಂಚಿಸುವ ಸಣ್ಣ ಪೆಟ್ಟಿಗೆಯೊಂದು ಸಿಗುತ್ತದೆ, ತಂತಿಯ ನಡುವೆ ಸಿಕ್ಕಿಸಿದರೆ ಸಾಕು ಎಂದು ಪರಿಚಯದ ರಿಪೇರಿ ಅಂಗಡಿಯವರು ಹೇಳಿದರು. ಬೇಡವೆಂದೆ. ಆಪಾಳನ್ನು ಕದ್ದು ತೋರಿಸಿದ ಹಾಗಾಗುತ್ತದೆ ಎಂದು ಹೇಳಿದ್ದು ನೆನಪಿದೆ.

ನಿರ್ದೇಶಕಿಗೆ ಎಲ್ಲವನ್ನೂ ಬರೆದೆ. ಬೀಗವಿಲ್ಲದ ಒಂದು ಪ್ರತಿ ಕೊಡುತ್ತೀರಾ, ಆ ಊರಿನಲ್ಲಿ ಒಂದೇ ಸಲ ತೋರಿಸುತ್ತೇನೆ ಎಂದು. ಆಕೆ ಬಹಳ ನೊಂದುಕೊಂಡು ಫೋನ್ ಮಾಡಿದರು. ಚಿತ್ರದ ಹಕ್ಕು ಈಗ ಅವರ ಕೈಯಲ್ಲಿಲ್ಲವಂತೆ, ಕೊಟ್ಟರೆ ಒಪ್ಪಂದ ಮುರಿದ ಹಾಗಂತೆ. ತಾನೇ ತೆಗೆದ ಚಿತ್ರವನ್ನು ತನ್ನ ತಾಯಿಗೆ ಊರಿನ ಹಳೆಯ ಟಿವಿಯಲ್ಲಿ ತೋರಿಸಲು ಹೋಗಿ ತನಗೂ ಹೀಗೇ ಆಯಿತು ಎಂದರು. ಆಮೇಲೆ, ಚಿತ್ರದಲ್ಲಿ ಬಳಸದೆ ಬಿಟ್ಟ ತುಣುಕುಗಳಿವೆ, ಅವು ನನ್ನವೇ, ಅವಕ್ಕೆ ಬೀಗವಿಲ್ಲ, ಬೇಕೇ ಎಂದು ಕೇಳಿದರು.

ಪೆನ್‌ಡ್ರೈವ್ ಅಂಚೆಯಲ್ಲಿ ಬಂತು. ಮಧ್ಯಾಹ್ನದ ತರಗತಿಗಳು ಮುಗಿದ ಮೇಲೆ ಲ್ಯಾಬಿನ ಬಾಗಿಲು ಹಾಕಿಕೊಂಡು ಪ್ರೊಜೆಕ್ಟರಿಗೆ ಜೋಡಿಸಿದೆ. ಯಾವ ಪ್ರಶ್ನೆಯೂ ಇಲ್ಲದೆ ಆಪಾ ಗೋಡೆಯ ಮೇಲೆ ಬಂದಳು. ನನಗಿಂತ ಎರಡಾಳು ಎತ್ತರ. ಒಟ್ಟು ಐವತ್ತು ನಿಮಿಷದಷ್ಟಿತ್ತು. ಹೆಚ್ಚಿನದು ಏನೂ ನಡೆಯದ ಹೊತ್ತು. ಉಪಕೇಂದ್ರದ ಜಗಲಿಯಲ್ಲಿ ಕೂತು ಹುರಿದ ಕಡ್ಲೆಕಾಯಿಯ ಸಿಪ್ಪೆ ಊದುತ್ತಾಳೆ. ದುಪಟ್ಟಾ ಸರಿ ಮಾಡಿಕೊಳ್ಳುತ್ತಾಳೆ. ಬೆಳಕು ಸರಿಯಿದೆಯಾ ಎಂದು ಕೇಳುತ್ತಾಳೆ. ಎಡಗಡೆಯ ಹುಬ್ಬಿನಲ್ಲಿದ್ದ ಗಾಯದ ಗುರುತನ್ನು ನಾನು ಪೂರ್ತಿ ಮರೆತಿದ್ದೆ. ಮುಖ ಮತ್ತೆ ಸಿಕ್ಕಿತು. ಮೊಹರು ಹೋಯಿತು. ನಾನು ಅಳುತ್ತಲೇ ಅವಳ ಜೊತೆ ನಗುತ್ತಿದ್ದೆ.

ಮೂವತ್ತು ನಿಮಿಷದ ಆಸುಪಾಸಿನಲ್ಲಿ ಅವಳು ಚೀಲದಿಂದ ಫೋನ್ ತೆಗೆಯುತ್ತಾಳೆ. ಒಂದು ನಂಬರ್ ಒತ್ತಿ ಕಿವಿಗಿಟ್ಟುಕೊಳ್ಳುತ್ತಾಳೆ. ಕಾಯುತ್ತಾಳೆ. ಎಡಗೈಯ ತೋಳನ್ನು ಬಲಗೈಯಿಂದ ಒತ್ತಿಕೊಳ್ಳುತ್ತಾಳೆ. ಫೋನನ್ನು ಕಿವಿಯಿಂದ ತೆಗೆದು ನೋಡುತ್ತಾಳೆ, ಏನನ್ನೋ ಓದುತ್ತಾಳೆ. ಯಾರಿಗೆ ಫೋನ್ ಎಂದು ಕ್ಯಾಮರಾದ ಹಿಂದಿದ್ದವರು ಕೇಳಿರಬೇಕು.

"ನನ್ನ ತಂಗಿ," ಎನ್ನುತ್ತಾಳೆ. "ಎತ್ತಲ್ಲ. ಎಲ್ಲೋ ಗೋಡೆ ಮುಂದೆ ನಿಂತಿರ್ತಾಳೆ, ಪಾಪ. ಅವ್ಳು ಕೈ ಇಡದಿದ್ರೆ ಆ ಕಡೆ ಒಂದು ಚಿತ್ರಾನೂ ಗೋಡೆ ಮ್ಯಾಲೆ ಬೀಳಲ್ಲ."

ಫೋನನ್ನು ಚೀಲಕ್ಕೆ ಹಾಕುತ್ತಾಳೆ. ಮತ್ತೊಮ್ಮೆ ತೋಳು ಒತ್ತಿಕೊಂಡು ಏಳುತ್ತಾಳೆ.

ಆ ತುಣುಕಿನ ದಿನಾಂಕ, ಹೊತ್ತು ಎರಡೂ ಕಡತದಲ್ಲಿದ್ದವು. ನನ್ನ ಫೋನ್ ತೆಗೆದು ನೋಡಿದೆ. ಆಪಾಳ ಜೊತೆಗಿನ ಸಂದೇಶಗಳನ್ನು ನಾನು ಅಳಿಸಿರಲಿಲ್ಲ. ಅದೇ ದಿನ, ಅದೇ ಹೊತ್ತು: ಮೀಟಿಂಗ್‌ನಲ್ಲಿದ್ದೀನಿ ಆಪಾ, ಆಮೇಲೆ ಮಾಡ್ತೀನಿ. ಅವಳು ಬಸ್ಸಿನಲ್ಲಿ ಹೋಗಿಬಿಡುವುದಕ್ಕೆ ಒಂಬತ್ತು ದಿನ ಮುಂಚೆ. ಆ ಒಂಬತ್ತು ದಿನದಲ್ಲಿ ನಾನು ಫೋನ್ ಮಾಡಲಿಲ್ಲ. ಕೆಲಸವಿತ್ತು, ಮರೆತೆ, ರಜೆಗೆ ಬರುತ್ತಾಳಲ್ಲ ಎಂದುಕೊಂಡೆ. ಅವತ್ತು ನಾನಿದ್ದದ್ದು ಕೊರಟಗೆರೆಯ ಒಂದು ತರಬೇತಿಯಲ್ಲಿ. ಅಧಿಕಾರಿಗಳು ಕಾಯುತ್ತಿದ್ದರು, ಪ್ರೊಜೆಕ್ಟರ್ ಏನನ್ನೂ ತೋರಿಸುತ್ತಿರಲಿಲ್ಲ. ಕೇಬಲ್ಲಿನ ತುದಿಯ ಒಂದು ಪಿನ್ನು ಬಾಗಿತ್ತು, ಅಷ್ಟೇ.

ಆ ತುಣುಕನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ತೋಳನ್ನು ಅವಳು ನೋವಿಗೆ ಒತ್ತಿಕೊಂಡಳೇ, ಸುಮ್ಮನೆ ಅಭ್ಯಾಸವೇ? ಕಡ್ಲೆಕಾಯಿ ತಿನ್ನುವಾಗ ಒತ್ತಿಕೊಳ್ಳುವುದಿಲ್ಲ. ಫೋನ್ ಹಿಡಿದಾಗ ಒಂದು ಸಲ, ಏಳುವಾಗ ಇನ್ನೊಂದು ಸಲ ಒತ್ತಿಕೊಳ್ಳುತ್ತಾಳೆ. ಎಡತೋಳಿನ ನೋವು ಹೃದಯದ್ದಿರಬಹುದೆಂದು ನರ್ಸ್ ಆದವಳಿಗೆ ಗೊತ್ತಾಗದೇ ಇರುತ್ತದೆಯೇ? ಗೊತ್ತಾಗಿಯೇ ನನಗೆ ಮಾಡಿದಳೇ? ಲ್ಯಾಬಿನಲ್ಲಿ ಹುಡುಗಿಯರಿಗೆ ಪಾಠ ಹೇಳುತ್ತಿರುವಾಗ ನನ್ನ ಬಲಗೈ ತಾನಾಗಿಯೇ ಎಡತೋಳಿಗೆ ಹೋಗತೊಡಗಿತು. ಡಾಕ್ಟರರ ಬಳಿ ಹೋದರೆ ಎಲ್ಲ ಸರಿಯಿದೆ ಎಂದರು.

ಹಳ್ಳಿಯವರಿಗೆ ತೋರಿಸಬೇಕಿತ್ತು. ಆ ಒಂದು ತುಣುಕನ್ನು ಕತ್ತರಿಸಿ ತೆಗೆಯುವುದು ನನಗೆ ಎರಡು ನಿಮಿಷದ ಕೆಲಸ. ಕತ್ತರಿಸಿದೆ. ಬಸ್ಸು ಹತ್ತುವ ಹಿಂದಿನ ದಿನ ಮತ್ತೆ ಸೇರಿಸಿದೆ. ಏಕೆಂದು ಸರಿಯಾಗಿ ಹೇಳಲಾರೆ. ಆ ಕಪ್ಪು ಗೋಡೆಯನ್ನು ಅಷ್ಟು ಹೊತ್ತು ನೋಡಿದವರಿಗೆ ಇನ್ನು ಏನನ್ನೂ ಮರೆಮಾಡಬಾರದು ಎನಿಸಿತ್ತು.

ಅದೇ ಕೋಣೆ, ಅದೇ ಗೋಣಿಚೀಲ. ಈ ಸಲ ಆಪಾಳ ಮುಖ ಗೋಡೆಯ ತುಂಬ ಬಂತು. ಹೆಂಗಸರು ನಕ್ಕರು, ನರ್ಸಮ್ಮಾ ಎಂದು ಕರೆದರು, ಸಿಪ್ಪೆ ಊದುವುದನ್ನು ನೋಡಿ ಒಬ್ಬಳು ತನ್ನ ಮಗಳಿಗೆ ಊದಿ ತೋರಿಸಿದಳು. ಫೋನಿನ ತುಣುಕು ಬಂದಾಗ ನಾನು ಪ್ರೊಜೆಕ್ಟರಿನ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದೆ. ತಂಗಿ ಎನ್ನುವ ಮಾತು ಕೇಳಿ ಕೆಲವರು ನನ್ನ ಕಡೆ ತಿರುಗಿದರು. ಅಜ್ಜಿಗೆ ಸ್ವಲ್ಪ ಕಿವಿ ಮಂದ.

"ಯಾರ್ಗೆ ಮಾಡ್ತಾವ್ಳೆ?" ಎಂದಳು.

"ನನಗೆ ಅಜ್ಜಿ. ನಾನು ಎತ್ತಲಿಲ್ಲ. ಆಮೇಲೂ ಮಾಡ್ಲಿಲ್ಲ. ಒಂಬತ್ತು ದಿನಕ್ಕೆ ಹೋಗ್ಬಿಟ್ಲು."

ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅಮ್ಮಿಗೂ ಇಲ್ಲ. ಅಜ್ಜಿ ಗೋಡೆಯನ್ನೇ ನೋಡುತ್ತಿದ್ದಳು. ಹಾಗೇ ನೋಡುತ್ತ ಹೇಳಿದಳು:

"ಆಯಮ್ಮ ದಿನಾ ಯಾರಾರ್ಗೋ ಫೋನ್ ಮಾಡದು. ಸುಮ್ಸುಮ್ನೆ ಮಾಡದು. ನನ್ ಮೊಮ್ಮಗಂಗೂ ಮಾಡಿ ಅಜ್ಜಿ ಉಂಡಳಾ ಅನ್ನದು."

ಚಾಪೆಯ ಮೇಲೆ ತನ್ನ ಪಕ್ಕದಲ್ಲಿ ಜಾಗ ಮಾಡಿ, ಕೂತ್ಕ ಎನ್ನುವಂತೆ ಕೈ ತೋರಿಸಿದಳು. ನಾನು ಕೂತೆ. ಅವಳು ಹೇಳಿದ್ದು ನಿಜವೋ, ನನಗಾಗಿ ಹೇಳಿದ್ದೋ ತಿಳಿಯಲಿಲ್ಲ. ಆಶಾ ಕಾರ್ಯಕರ್ತೆಯ ಮುಖ ನೋಡಿದೆ. ಅವಳು ನೆಲ ನೋಡುತ್ತಿದ್ದಳು. ಇಂದಿಗೂ ನಾನು ಅವಳನ್ನು ಕೇಳಿಲ್ಲ.

ಮುಂದಿನ ಬೇಸಿಗೆಯಲ್ಲಿ ಆ ಚಿತ್ರ ಆ್ಯಪ್‌ನಿಂದ ಹೋಯಿತು. ನಾನು ಇಳಿಸಿಕೊಂಡಿದ್ದ ಪ್ರತಿಯನ್ನು ಒತ್ತಿದರೆ, ಇದು ಈಗ ಲಭ್ಯವಿಲ್ಲ ಎಂದು ಬಂತು. ಒಪ್ಪಂದದ ಅವಧಿ ಮುಗಿದಿದೆ, ಮತ್ತೆ ಎಲ್ಲಿ ಬರುತ್ತದೋ ಗೊತ್ತಿಲ್ಲ ಎಂದು ನಿರ್ದೇಶಕಿ ಹೇಳಿದರು. ಮುಖ ಕಾಣುವ ಹಾಗೆ ಆ ಚಿತ್ರವನ್ನು ನಾನು ಒಮ್ಮೆಯೂ ಪೂರ್ತಿ ನೋಡಿರಲಿಲ್ಲ. ಹೆರಿಗೆಯ ಹೊತ್ತಿನಲ್ಲಿ ಆ ದನಿಯಲ್ಲಿ ಮಾತಾಡುವಾಗ ಆಪಾಳ ಮುಖ ಹೇಗಿತ್ತೆಂದು ಇನ್ನು ತಿಳಿಯುವ ದಾರಿಯಿಲ್ಲ. ನನ್ನ ಬಳಿ ಈಗಿರುವುದು ಐವತ್ತು ನಿಮಿಷ. ಅದರ ಮೂರು ಪ್ರತಿ ಮಾಡಿ ಒಂದನ್ನು ಶಿರಾದ ಮನೆಯ ಟ್ರಂಕಿನಲ್ಲಿಟ್ಟೆ, ಒಂದನ್ನು ನನ್ನ ಬಳಿ ಇಟ್ಟುಕೊಂಡೆ, ಒಂದನ್ನು ಆಶಾ ಕಾರ್ಯಕರ್ತೆಗೆ ಕೊಟ್ಟೆ. ಟಿವಿಯ ಹಿಂದೆ ಎಲ್ಲಿ ಚುಚ್ಚಬೇಕೆಂದು ತೋರಿಸಿಕೊಟ್ಟೆ.

ಮೊನ್ನೆ ಕಾಲೇಜಿನ ಪಡಸಾಲೆಯಲ್ಲಿದ್ದಾಗ ಆಶಾ ಕಾರ್ಯಕರ್ತೆಯ ಫೋನ್ ಬಂತು. ಮೊದಲ ರಿಂಗಿಗೇ ಎತ್ತಿದೆ. ಆ ಊರಿನಲ್ಲಿ ಒಂದು ಹೆಣ್ಣುಮಗುವನ್ನು ತೊಟ್ಟಿಲಿಗೆ ಹಾಕುತ್ತಿದ್ದರಂತೆ. ಮಗುವಿನ ತಾಯಿಯೂ ಆಪಾಳ ಕೈಯಲ್ಲಿ ಹುಟ್ಟಿದವಳು, ಟಿವಿಯಲ್ಲಿ ನರ್ಸಮ್ಮನನ್ನು ಹಾಕಿ ಎಂದು ಹಟ ಮಾಡಿದ್ದಾಳಂತೆ. ಅವಳು ಮಾತಾಡುತ್ತಿರುವಾಗ ಹಿಂದುಗಡೆ ಜನರ ಗದ್ದಲ, ಪಾತ್ರೆಗಳ ಸದ್ದು, ಅದರ ನಡುವೆ ಟಿವಿಯಿಂದ ಆಪಾ ಬೆಳಕು ಸರಿಯಿದೆಯಾ ಎಂದು ಯಾರನ್ನೋ ಕೇಳುತ್ತಿದ್ದಳು. ಯಾರೋ ಕರೆದರೆಂದು ಆಶಾ ಕಾರ್ಯಕರ್ತೆ ಫೋನನ್ನು ಹಾಗೇ ಎಲ್ಲೋ ಇಟ್ಟು ಹೋದಳು. ಕಟ್ ಮಾಡುವುದನ್ನು ಮರೆತಿದ್ದಳು. ನಾನೂ ಕಟ್ ಮಾಡಲಿಲ್ಲ. ಗಂಟೆ ಹೊಡೆದು ಹುಡುಗಿಯರು ನನ್ನ ಪಕ್ಕದಿಂದ ತರಗತಿಗೆ ಹೋದರು. ನಾನು ಗೋಡೆಗೆ ಆತು, ಇನ್ನೊಂದು ಕಿವಿಯನ್ನು ಕೈಯಿಂದ ಮುಚ್ಚಿಕೊಂಡು ನಿಂತೇ ಇದ್ದೆ, ಸಿಗ್ನಲ್ ತಾನಾಗಿ ಹೋಗುವವರೆಗೆ.